ಗೋರಿಂಗನಿಗೆ ‘ಒಲ್ಲೆ’ ಎಂದ ಗಾಯಕಿ: ಒಂದು ತಿದ್ದುಪಡಿ

ನನ್ನ ಬಳಿ ಹತ್ತನೆಯ ತರಗತಿಯ ಇತಿಹಾಸ ಕಲಿತವರಿಗೆ ಒಂದು ಕಥೆ ನೆನಪಿರಬಹುದು. ಹಿಟ್ಲರನ ಉದಯದ ಪಾಠ ಮುಗಿದ ಮೇಲೆ ಪುಸ್ತಕಗಳನ್ನು ಮುಚ್ಚಿಸಿ, ಪರೀಕ್ಷೆಗೆ ಬಾರದ ವಿಷಯವೆಂದು ಮೊದಲೇ ಹೇಳಿ, ನಾನು ಜರ್ಮನಿಯ ಒಬ್ಬ ಹಾಡುಗಾರ್ತಿಯ ಪ್ರಸಂಗವನ್ನು ಹೇಳುತ್ತಿದ್ದೆ. ಹಿಟ್ಲರನ ಬಲಗೈಯಂತಿದ್ದ ಗೋರಿಂಗ್ ಆಕೆಗಾಗಿ ವಿಮಾನವನ್ನೇ ಕಳುಹಿಸುತ್ತಾನೆ. ಬಂಗಲೆ, ಪಿಂಚಣಿ, ಸವಾರಿಗೆ ಕುದುರೆ ಎಲ್ಲವನ್ನೂ ಕೊಡುತ್ತೇನೆ, ಇನ್ನು ಮುಂದೆ ಜರ್ಮನಿಯಲ್ಲಿ ಮಾತ್ರ ಹಾಡಬೇಕು ಎನ್ನುತ್ತಾನೆ. ಆಕೆ ‘ಒಲ್ಲೆ’ ಎಂದು ಬಾಗಿಲನ್ನು ದಢಾರನೆ ಹಾಕಿಕೊಂಡು ಹೊರಟುಬಿಡುತ್ತಾಳೆ. ಆ ದಢಾರನೆಯ ಸದ್ದಿಗೆ ನಾನು ಮೇಜನ್ನು ಗುದ್ದುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಎಚ್ಚರಗೊಳ್ಳುತ್ತಿದ್ದರು.

ಆಕೆಯ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದೇ ಒಂದು ಕಷ್ಟವಾಗಿತ್ತು. ಜರ್ಮನರು ಉಚ್ಚರಿಸುವಂತೆ ಬರೆದರೆ ಅದು ‘ಲೊಟ್ಟೆ ಲೇಮನ್’ ಎಂದಾಗುತ್ತದೆ. ನಮ್ಮ ಘಟ್ಟದ ಸೀಮೆಯ ಮಕ್ಕಳಿಗೆ ಲೊಟ್ಟೆ ಎಂದರೆ ಶುದ್ಧ ಸುಳ್ಳು. ತರಗತಿಯಲ್ಲಿ ನಗೆಯೋ ನಗೆ. ಎರಡನೆಯ ವರ್ಷದಿಂದ ನಾನು ಬರಿಯ ‘ಲೇಮನ್’ ಎಂದಷ್ಟೇ ಬರೆಯತೊಡಗಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

1976ರಲ್ಲಿ ಆಕೆ ತೀರಿಕೊಂಡಾಗ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂದ ಸ್ಮರಣ ಲೇಖನದಿಂದ ನಾನು ಈ ಕಥೆಯನ್ನು ಎತ್ತಿಕೊಂಡಿದ್ದೆ. ಅಂದಿನಿಂದ ನಿವೃತ್ತಿಯ ತನಕ, ಎಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ, ಪ್ರತಿ ತಂಡಕ್ಕೂ ಹೇಳಿದ್ದೇನೆ. ಕಳೆದ ಮಳೆಗಾಲದಲ್ಲಿ ಮ್ಯೂನಿಕ್ ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂತು. “ಸರ್, ನೀವು ಹೇಳಿದ ಆ ಹಾಡುಗಾರ್ತಿಯ ಕಥೆಯನ್ನು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ಹೇಳಿದೆ. ಅದು ಪೂರ್ತಿ ಹಾಗಿಲ್ಲವಂತೆ. ಅದರ ಬಗ್ಗೆ ಒಂದು ಪುಸ್ತಕವೇ ಇದೆಯಂತೆ. ಕಳುಹಿಸಲೇ?” ಎಂದು ಕೇಳಿದ್ದ. ಪುಸ್ತಕ ಬಂತು. ಮೈಕೆಲ್ ಕಾಟರ್ ಎಂಬ, ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದ ಇತಿಹಾಸಕಾರರು 2008ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಅದು. ನಾಜಿ ಕಾಲದ ಸಂಗೀತಗಾರರನ್ನು ಕುರಿತು ಬಹಳ ಕೆಲಸ ಮಾಡಿದವರು ಅವರು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳಲ್ಲಿ ಓದಿ ಮುಗಿಸಿದೆ. ಇತಿಹಾಸದ ಮೇಷ್ಟ್ರು ತಪ್ಪು ಕಥೆ ಹೇಳಿದ್ದರೆ ತಿದ್ದುವ ಹೊಣೆಯೂ ಅವನದೇ. ಆದರೆ ತಿದ್ದುವುದಕ್ಕೆ ಮೊದಲು ಆ ಹೆಂಗಸು ಯಾರು ಎಂಬುದನ್ನು ಹೇಳಬೇಕು. ತರಗತಿಯಲ್ಲಿ ಅದನ್ನು ನಾನು ಎಂದೂ ಸರಿಯಾಗಿ ಹೇಳಿರಲಿಲ್ಲ.

ಒಪೆರಾ ಎಂದರೆ ಏನೆಂದು ನಮ್ಮ ಮನೆಯ ಕಿರಿಯರು ಕೇಳುತ್ತಿರುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ವೇಷಧಾರಿಯೇ ಹಾಡಬೇಕು, ಮಾತೆಲ್ಲವೂ ಬಹುಮಟ್ಟಿಗೆ ಹಾಡೇ. ಎದುರಿನ ತಗ್ಗಿನಲ್ಲಿ ಎಂಬತ್ತೋ ನೂರೋ ವಾದ್ಯಗಾರರು ಕುಳಿತಿರುತ್ತಾರೆ. ಮೈಕು ಇಲ್ಲ. ಆ ವಾದ್ಯಗಳ ಗೋಡೆಯನ್ನು ದಾಟಿ ಒಂಟಿ ಕಂಠ ಕೊನೆಯ ಸಾಲಿನವರೆಗೆ ತಲುಪಬೇಕು. ಉಸಿರೇ ಅಲ್ಲಿ ಬಂಡವಾಳ.

ಲೇಮನ್ ಹುಟ್ಟಿದ್ದು 1888ರ ಫೆಬ್ರುವರಿ 27ರಂದು, ಬರ್ಲಿನ್ ಮತ್ತು ಹ್ಯಾಂಬರ್ಗ್ ನಗರಗಳ ನಡುವಿನ ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಕಚೇರಿಯ ಕೆಲಸದವರು, ಸಿರಿವಂತರಲ್ಲ. ಕುಟುಂಬ ಬರ್ಲಿನ್‌ಗೆ ಬಂದ ಮೇಲೆ ಹುಡುಗಿ ಅಲ್ಲಿನ ಸರ್ಕಾರಿ ಸಂಗೀತ ಮಹಾವಿದ್ಯಾಲಯವನ್ನು ಸೇರಿದಳು. ಬಳಿಕ ಎಟೆಲ್ಕಾ ಗೆರ್ಸ್ಟರ್ ಎಂಬ ಪ್ರಸಿದ್ಧ ಗಾಯಕಿ ನಡೆಸುತ್ತಿದ್ದ ಶಾಲೆಗೆ ಹೋದಳು. ಅಲ್ಲಿ ನಡೆದುದನ್ನು ಓದುವಾಗ ನನಗೆ ಪುಸ್ತಕವನ್ನು ಕೆಳಗಿಡಬೇಕೆನಿಸಿತು. ಆ ಶಾಲೆಯಲ್ಲಿ ಧ್ವನಿ ಹೊರಡಿಸಲು ಒಂದು ನಿಗದಿಯಾದ ಪದ್ಧತಿ. ಈ ಹುಡುಗಿಗೆ ಅದು ಒಗ್ಗಲಿಲ್ಲ. ಹೆದರಿಕೆ ಹೆಚ್ಚಿದಂತೆ ಗಂಟಲು ಬಿಗಿಯಿತು, ಗಂಟಲು ಬಿಗಿದಂತೆ ಟೀಕೆ ಹೆಚ್ಚಿತು. ಕೊನೆಗೆ ಶಾಲೆ ಅವಳನ್ನು ಕೈಬಿಟ್ಟಿತು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರೀತಿಪಾತ್ರ ಕಂಠಗಳಲ್ಲೊಂದನ್ನು ತಜ್ಞರು ಪರೀಕ್ಷಿಸಿ, ಪ್ರಯೋಜನವಿಲ್ಲ ಎಂದು ಬರೆದು ಕೊಟ್ಟರು. ಮೂವತ್ತು ವರ್ಷಗಳಲ್ಲಿ ನಾನು ಎಷ್ಟು ಮಕ್ಕಳ ಪ್ರಗತಿಪತ್ರದಲ್ಲಿ ‘ಸಾಧಾರಣ’ ಎಂದು ಬರೆದು ಸಹಿ ಹಾಕಿದ್ದೇನೆಂಬುದನ್ನು ಎಣಿಸಲು ಹೋಗಲಿಲ್ಲ.

ಆಕೆ ಬಿಡಲಿಲ್ಲ. ಮಟಿಲ್ಡೆ ಮಾಲಿಂಗರ್ ಎಂಬ ವೃದ್ಧ ಗಾಯಕಿಗೆ ತನ್ನ ಕಥೆಯನ್ನೆಲ್ಲ ಪತ್ರದಲ್ಲಿ ಬರೆದಳು. 1868ರಲ್ಲಿ ವಾಗ್ನರನ ‘ಮೈಸ್ಟರ್‌ಸಿಂಗರ್’ ಮೊದಲ ಬಾರಿ ರಂಗಕ್ಕೆ ಬಂದಾಗ ನಾಯಕಿ ಎವಾಳ ಪಾತ್ರ ವಹಿಸಿದ್ದವಳು ಆ ಮಾಲಿಂಗರ್. ಆಕೆ ಹುಡುಗಿಯನ್ನು ಕರೆಸಿ, ಹಾಡಿಸಿ ಕೇಳಿ, ಶಿಷ್ಯೆಯಾಗಿ ಸ್ವೀಕರಿಸಿದಳು. ಪುಟ್‌ಲಿಟ್ಸ್ ಮನೆತನದ ಜಮೀನುದಾರರೊಬ್ಬರು ಹಣದ ನೆರವು ನೀಡಿದರು. 1910ರಲ್ಲಿ ಹ್ಯಾಂಬರ್ಗ್ ಒಪೆರಾದಲ್ಲಿ ಕೆಲಸ ಸಿಕ್ಕಿತು. ಮೊದಲ ಪಾತ್ರ ಮೊಜಾರ್ಟನ ‘ಮಾಯಾ ಕೊಳಲು’ ಕೃತಿಯಲ್ಲಿ ಮೂವರು ಬಾಲಕರಲ್ಲಿ ಒಬ್ಬನದು. ಎರಡು ವರ್ಷ ಚಿಲ್ಲರೆ ಪಾತ್ರಗಳೇ. 1912ರಲ್ಲಿ ವಾಗ್ನರನ ‘ಲೋಹೆಂಗ್ರಿನ್’ ನಾಟಕದ ಎಲ್ಸಾ ಪಾತ್ರಕ್ಕೆ ಅವಕಾಶ ಒದಗಿತು. ಅಂದು ವಾದ್ಯವೃಂದವನ್ನು ನಡೆಸಿದವನು ಇನ್ನೂ ಮೂವತ್ತು ತುಂಬದ ಒಟ್ಟೊ ಕ್ಲೆಂಪರರ್. ಮುಂದೆ ಅವನೂ ಜಗತ್ತಿನ ಮಹಾ ನಿರ್ದೇಶಕರಲ್ಲೊಬ್ಬನಾದ. ಆ ರಾತ್ರಿಯಿಂದ ಆಕೆಗೆ ಚಿಲ್ಲರೆ ಪಾತ್ರಗಳ ಕಾಟ ತಪ್ಪಿತು.

1916ರಲ್ಲಿ ವಿಯೆನ್ನಾದ ಆಸ್ಥಾನ ಒಪೆರಾ ಆಕೆಯನ್ನು ಕರೆಸಿಕೊಂಡಿತು. ಮಹಾಯುದ್ಧದ ನಡುಗಾಲ. ರಿಚರ್ಡ್ ಸ್ಟ್ರಾಸ್ ತನ್ನ ‘ಅರಿಯಾಡ್ನೆ’ ಒಪೆರಾವನ್ನು ತಿದ್ದಿ ಬರೆದು ಅಲ್ಲಿ ಆಡಿಸಲು ಬಂದಿದ್ದ. ಅದರಲ್ಲಿ ತರುಣ ಸಂಗೀತಗಾರನ ಪಾತ್ರವೊಂದಿದೆ. ಅದನ್ನು ಹಾಡಬೇಕಾಗಿದ್ದ ಹಿರಿಯ ಗಾಯಕಿ ಅಭ್ಯಾಸಕ್ಕೆ ಬಾರದೆ ಹೋದಾಗ ಬದಲಿಗಾಗಿ ನಿಲ್ಲಿಸಿದ್ದ ಈ ಹೊಸ ಹುಡುಗಿಯನ್ನು ಹಾಡಿಸಿದರು. ಸ್ಟ್ರಾಸ್ ಕೇಳಿದ. ಪಾತ್ರ ಆಕೆಯದೇ ಆಯಿತು. ಅಕ್ಟೋಬರ್ 4ರ ಮೊದಲ ಪ್ರದರ್ಶನದ ಮಾರನೆಯ ದಿನ ವಿಯೆನ್ನಾ ಆಕೆಯ ಹೆಸರನ್ನು ಬಲ್ಲದಾಗಿತ್ತು.

ಸ್ಟ್ರಾಸ್ ಬಳಿಕ ಎರಡು ಬಾರಿ ತನ್ನ ಹೊಸ ಕೃತಿಗಳ ಮೊದಲ ಪ್ರದರ್ಶನಕ್ಕೆ ಆಕೆಯನ್ನೇ ಆರಿಸಿಕೊಂಡ. 1919ರಲ್ಲಿ ‘ನೆರಳಿಲ್ಲದ ಹೆಣ್ಣು’ ಕೃತಿಯ ಬಣ್ಣಗಾರನ ಹೆಂಡತಿ, 1924ರಲ್ಲಿ ಡ್ರೆಸ್ಡನ್ ನಗರದಲ್ಲಿ ‘ಇಂಟರ್ಮೆಝೊ’ ನಾಟಕದ ನಾಯಕಿ. ಈ ಎರಡನೆಯದು ಸ್ಟ್ರಾಸ್ ತನ್ನ ಸ್ವಂತ ಸಂಸಾರದ ಜಗಳವನ್ನೇ ಒಪೆರಾ ಮಾಡಿದ್ದು. ರಂಗದ ಮೇಲಿನ ಮನೆ ಕೂಡ ಅವನ ಮನೆಯ ಪಡಿಯಚ್ಚು. ಹೆಂಡತಿ ಪೌಲಿನೆ ಸಭೆಯಲ್ಲಿ ಕುಳಿತಿದ್ದಳು. ಆಟ ಮುಗಿದ ಮೇಲೆ ಲೇಮನ್ ವಿನಯದಿಂದ, ಇದು ತಮಗೆ ಪತಿಯು ಕೊಟ್ಟ ದೊಡ್ಡ ಕಾಣಿಕೆ ಎಂದಳಂತೆ. ಪೌಲಿನೆ ಎಲ್ಲರಿಗೂ ಕೇಳುವಂತೆ, ಅದರಿಂದ ತನಗೆ ಆಗಬೇಕಾದ್ದು ಏನೂ ಇಲ್ಲ ಎಂದು ಒರಟಾಗಿ ಉತ್ತರಿಸಿದಳಂತೆ. ದೊಡ್ಡವರ ಮನೆಯ ಜಗಳ ಎಲ್ಲ ದೇಶದಲ್ಲೂ ಒಂದೇ.

ಆದರೆ ಆಕೆಯ ಹೆಸರಿನೊಂದಿಗೆ ಬೆಸೆದುಹೋದ ಪಾತ್ರ ಬೇರೆಯದು. ಸ್ಟ್ರಾಸನ ‘ರೋಸೆನ್‌ಕವಲಿಯರ್’ 1911ರಲ್ಲಿ ರಂಗಕ್ಕೆ ಬಂದಿತ್ತು. ಅದರಲ್ಲಿ ಮೂರು ಹೆಣ್ಣು ಕಂಠಗಳು: ಮಾರ್ಶಲಿನ್ ಎಂಬ ಸೇನಾಪತಿಯ ಮಡದಿ, ಅವಳನ್ನು ಪ್ರೀತಿಸುವ ಹದಿನೇಳರ ತರುಣ ಒಕ್ಟೇವಿಯನ್, ಮತ್ತು ಸೋಫಿ ಎಂಬ ಹುಡುಗಿ. ತರುಣನ ವೇಷವನ್ನೂ ಹೆಂಗಸೇ ಹಾಕುತ್ತಾಳೆ. ನಮ್ಮ ನಾಟಕ ಕಂಪೆನಿಗಳಲ್ಲಿ ಗಂಡಸರು ಸ್ತ್ರೀಪಾತ್ರ ವಹಿಸುತ್ತಿದ್ದುದರ ತಿರುವುಮುರುವು. ಮಾರ್ಶಲಿನ್ ಮುದುಕಿಯಲ್ಲ, ಮೂವತ್ತು ದಾಟಿದವಳು ಅಷ್ಟೆ. ಆದರೆ ಒಂದು ಬೆಳಗ್ಗೆ ಕನ್ನಡಿಯ ಮುಂದೆ ಕುಳಿತಾಗ ಅವಳಿಗೆ ಕಾಲ ಸರಿಯುತ್ತಿರುವುದು ಕೇಳಿಸತೊಡಗುತ್ತದೆ. ನಡುರಾತ್ರಿ ಎದ್ದು ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸುತ್ತೇನೆ ಎಂದು ಅವಳು ಆ ಹುಡುಗನಿಗೆ ಹೇಳುತ್ತಾಳೆ. ಇಂದೋ ನಾಳೆಯೋ ನೀನು ಎಳೆಯವಳೊಬ್ಬಳಿಗಾಗಿ ನನ್ನನ್ನು ಬಿಟ್ಟು ಹೋಗುತ್ತೀಯೆ ಎಂದೂ ಹೇಳುತ್ತಾಳೆ. ಅವನು ಅಳುತ್ತಾನೆ. ಕೊನೆಯ ಅಂಕದಲ್ಲಿ ಹಾಗೆಯೇ ಆಗುತ್ತದೆ. ಅವಳೇ ಅವನನ್ನು ಸೋಫಿಯ ಕೈಗೆ ಒಪ್ಪಿಸಿ ಹೊರಟುಹೋಗುತ್ತಾಳೆ.

ಲೇಮನ್ ಮೊದಲು ಸೋಫಿಯನ್ನು ಹಾಡಿದ್ದಳು, ಬಳಿಕ ಒಕ್ಟೇವಿಯನ್‌ನನ್ನು. 1924ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾದಲ್ಲಿ, ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ, ಮೊದಲ ಬಾರಿಗೆ ಮಾರ್ಶಲಿನ್ ಆದಳು. ಆಗ ಆಕೆಯ ವಯಸ್ಸು ಮೂವತ್ತಾರು. ಮೂರು ಪಾತ್ರಗಳನ್ನೂ ಹಾಡಿದವರು ಬಹಳ ಕಡಿಮೆ. ಪ್ರೀತಿಸಲ್ಪಡುವ ಹುಡುಗಿ, ಪ್ರೀತಿಸುವ ಹುಡುಗ, ಬಿಟ್ಟುಕೊಡುವ ಹೆಂಗಸು ಮೂವರೂ ಒಂದೇ ಕಂಠದಲ್ಲಿ ಹಾದುಹೋದರು.

1933ರಲ್ಲಿ ಈ ಒಪೆರಾದ ಸಂಕ್ಷಿಪ್ತ ರೂಪವನ್ನು ವಿಯೆನ್ನಾದಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದರು. ಲೇಮನ್ ಮಾರ್ಶಲಿನ್, ಮರಿಯಾ ಒಲ್ಶೆವ್ಸ್ಕಾ ಒಕ್ಟೇವಿಯನ್, ಎಲಿಜಬೆತ್ ಶೂಮನ್ ಸೋಫಿ. ಇಂದಿಗೂ ಅದು ಮಾರಾಟವಾಗುತ್ತದೆ, ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿಯೂ ಕೇಳಬಹುದು. ಮೊಮ್ಮಗಳು ಹುಡುಕಿಕೊಟ್ಟಳು. ನಾನು ಪಾಶ್ಚಾತ್ಯ ಸಂಗೀತದ ಪಂಡಿತನಲ್ಲ, ಆದರೂ ಒಂದು ಮಾತು ಹೇಳಬಲ್ಲೆ. ಆಕೆಯ ಉಸಿರು ಗಿಡ್ಡ. ಪದದ ನಡುವೆಯೇ ಉಸಿರೆಳೆಯುತ್ತಾಳೆ. ನಮ್ಮ ಸಂಗೀತದಲ್ಲಿ ಸಾಹಿತ್ಯವನ್ನು ಹಾಗೆ ಮುರಿದರೆ ಗುರುಗಳು ತೊಡೆಯ ಮೇಲೆ ಹೊಡೆದು ತಾಳ ನಿಲ್ಲಿಸಿಯಾರು. ಆಕೆಯ ಕಾಲದ ವಿಮರ್ಶಕರೂ ಇದನ್ನು ಬರೆದರು, ಆಕೆಯೂ ಅಲ್ಲಗಳೆಯಲಿಲ್ಲ. ವಿಚಿತ್ರವೆಂದರೆ, ಭಾಷೆ ತಿಳಿಯದ ನನಗೆ ಆ ಮುರಿದ ಉಸಿರಿನಿಂದಲೇ ಯಾರೋ ಎದುರು ಕುಳಿತು ಮಾತನಾಡುತ್ತಿದ್ದಾರೆಂಬ ಭಾವನೆ ಬಂತು. ಆ ಮುದ್ರಿಕೆಯ ಕೊನೆಯಲ್ಲಿ, ಹೊಸ ಜೋಡಿಯನ್ನು ನೋಡಿ ಮಾರ್ಶಲಿನ್ ಹೇಳುವ ‘ಹೌದು, ಹೌದು’ ಎಂಬ ಎರಡೇ ಪದಗಳಿವೆ. ರಸಿಕರು ಆ ಎರಡು ಪದಗಳಿಗಾಗಿಯೇ ಕಾಯುತ್ತಾರೆ. ಆದರೆ ಅವು ಲೇಮನ್ ಹಾಡಿದ್ದಲ್ಲವಂತೆ. ಆ ಹೊತ್ತಿಗೆ ಆಕೆ ಮುದ್ರಣ ಕೊಠಡಿಯಿಂದ ಹೊರಟುಹೋಗಿದ್ದಳು. ಸೋಫಿಯಾಗಿದ್ದ ಶೂಮನ್ನಳೇ ಅವನ್ನು ಹಾಡಿ ಮುಗಿಸಿದಳು. ಇದು ತಿಳಿದ ಮೇಲೆ ಕೇಳಿದರೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಈಗ ಗೋರಿಂಗನ ಪ್ರಸಂಗ. 1934ರ ಜನವರಿಯಲ್ಲಿ ಆಕೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಮೊದಲ ಬಾರಿ ಹಾಡಿ ಗೆದ್ದು ಬಂದಿದ್ದಳು. ಹಿಟ್ಲರ್ ಅಧಿಕಾರಕ್ಕೆ ಬಂದು ವರ್ಷ ಕಳೆದಿತ್ತು. ಬರ್ಲಿನ್ನಿನ ರಾಜ್ಯ ಒಪೆರಾ ಪ್ರಷ್ಯಾದ ಮುಖ್ಯಸ್ಥನಾಗಿದ್ದ ಗೋರಿಂಗನ ಕೈಯಲ್ಲಿತ್ತು. ಉಳಿದ ರಂಗಮಂದಿರಗಳ ಮೇಲೆ ಪ್ರಚಾರ ಸಚಿವ ಗೋಬೆಲ್ಸನ ಹಿಡಿತ. ಇಬ್ಬರ ನಡುವೆ ಪೈಪೋಟಿ. ತನ್ನ ಒಪೆರಾಕ್ಕೆ ದೊಡ್ಡ ಹೆಸರುಗಳು ಬೇಕೆಂಬುದು ಗೋರಿಂಗನ ಆಸೆ.

ಆಕೆ ಹೇಳಿದ ಕಥೆ ಹೀಗಿದೆ. ಏಪ್ರಿಲ್ ತಿಂಗಳಲ್ಲಿ ಡ್ರೆಸ್ಡನ್ ನಗರದಲ್ಲಿ ಕಚೇರಿಗಾಗಿ ಬಂದಿದ್ದಾಗ ಬರ್ಲಿನ್ನಿನಿಂದ ಕರೆ ಬಂತು, ವಿಮಾನ ಬಂತು. ಗೋರಿಂಗ್ ಬಾಯಿತುಂಬ ಮಾತು ಕೊಟ್ಟ. ಕೇಳಿದಷ್ಟು ಸಂಬಳ, ಮನೆ, ಪಿಂಚಣಿ, ಕುದುರೆ. ಯಾವ ವಿಮರ್ಶಕನೂ ಆಕೆಯ ವಿರುದ್ಧ ಬರೆಯುವ ಧೈರ್ಯ ಮಾಡಲಾರನೆಂಬ ಭರವಸೆಯನ್ನೂ ಕೊಟ್ಟ. ಪ್ರತಿಯಾಗಿ ಜರ್ಮನಿಯ ಹೊರಗೆ ಹಾಡಕೂಡದು. ತಾನು ಜಗತ್ತಿಗೆಲ್ಲ ಹಾಡುವವಳೆಂದು ಆಕೆ ನಿರಾಕರಿಸಿದಳು, ಅದರ ಫಲವಾಗಿ ಜರ್ಮನಿಯ ಬಾಗಿಲು ಮುಚ್ಚಿತು. 1966ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಆಕೆ ಇದನ್ನು ಸ್ವಾರಸ್ಯವಾಗಿ ಬರೆದಳು. ಗೋರಿಂಗ್ ಸಾಕಿಕೊಂಡಿದ್ದ ಸಿಂಹಿಣಿ ಕೂಡ ಆ ಲೇಖನದ ತಲೆಬರಹದಲ್ಲೇ ಬರುತ್ತದೆ. ನಾನು ಓದಿದ ಸ್ಮರಣ ಲೇಖನಕ್ಕೆ ಮೂಲ ಅದೇ ಆಗಿರಬೇಕು.

ಕಾಟರ್ ಅವರು ಹಳೆಯ ಪತ್ರಗಳನ್ನೂ ಕಡತಗಳನ್ನೂ ತೆರೆದು ನೋಡಿದಾಗ ಕಂಡದ್ದು ಬೇರೆ. ಭೇಟಿ ನಡೆದದ್ದು ನಿಜ, ಗೋರಿಂಗ್ ಮಾತು ಕೊಟ್ಟದ್ದೂ ನಿಜ. ಆದರೆ ಆಕೆ ಅಲ್ಲಿಗೆ ತಿರಸ್ಕರಿಸಲು ಹೋಗಿರಲಿಲ್ಲ, ಕರಾರಿನ ಮಾತಿಗೇ ಹೋಗಿದ್ದಳು. ಬರ್ಲಿನ್ನಿನಲ್ಲಿ ಹಾಡುವ ಆಸೆ ಆಕೆಗೂ ಇತ್ತು. ವಿಯೆನ್ನಾದಲ್ಲಿ ಪಾತ್ರಗಳಿಗಾಗಿ, ಸಂಭಾವನೆಗಾಗಿ ಕಿತ್ತಾಟ ಆಕೆಗೆ ಸಾಕಾಗಿತ್ತು. ಬಾಯಿಮಾತಿನಲ್ಲಿ ಬಂದ ವಾಗ್ದಾನಗಳೆಲ್ಲ ರಂಗಮಂದಿರಗಳ ಆಡಳಿತಾಧಿಕಾರಿ ಹೈನ್ಸ್ ಟೀಟ್ಯೆನ್ ಕಳುಹಿಸಿದ ಲಿಖಿತ ಕರಾರಿನಲ್ಲಿ ಕಾಣಲಿಲ್ಲ. ಆಕೆ ಸಿಟ್ಟಿನಿಂದ ಪತ್ರ ಬರೆದಳು. ಅದನ್ನು ಕಂಡು ಗೋರಿಂಗ್ ಕೆರಳಿದ, ಜರ್ಮನಿಯ ಬಾಗಿಲು ಮುಚ್ಚಿತು. ಎಂದರೆ, ಆಕೆ ನಾಜಿ ಆಳ್ವಿಕೆಯನ್ನು ಧಿಕ್ಕರಿಸಿ ಎದ್ದು ಬರಲಿಲ್ಲ. ಚೌಕಾಸಿ ಮುರಿದುಬಿತ್ತು, ಅಷ್ಟೆ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ಮರುದಿನ ಬೆಳಗ್ಗೆ ತೋಟದಲ್ಲಿ ನಡೆಯುವಾಗ ಹಳೆಯ ತರಗತಿಗಳ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಆ ಕಥೆಯನ್ನು ಕೇಳಿ, ದೊಡ್ಡವರ ಎದುರು ‘ಒಲ್ಲೆ’ ಎನ್ನಬಹುದು ಎಂದು ಯಾವನೋ ಒಬ್ಬ ಹುಡುಗ ನಂಬಿರಬಹುದು. ಹಾಗೆ ನಂಬಿದವನಿಗೆ ನಾನು ಈಗ ಏನು ಹೇಳಲಿ?

ಮೊದಲಿಗೆ ಸಿಟ್ಟು ಬಂದದ್ದು ಲೇಮನ್ ಮೇಲೆ. ಎಲ್ಲರೂ ಕೊನೆಯಲ್ಲಿ ತಮ್ಮನ್ನು ಸರಿಯಾದ ದಡದಲ್ಲಿ ನಿಲ್ಲಿಸಿಕೊಳ್ಳುತ್ತಾರೆ ಎಂದುಕೊಂಡೆ. ಆಮೇಲೆ ಪುಸ್ತಕದ ಮುಂದಿನ ಭಾಗ ಓದಿದೆ. ಸಿಟ್ಟು ಇಳಿಯಿತು ಎನ್ನಲಾರೆ, ಬೇರೆ ಬಣ್ಣಕ್ಕೆ ತಿರುಗಿತು.

ಆಕೆ 1926ರಲ್ಲಿ ಒಟ್ಟೊ ಕ್ರೌಸೆ ಎಂಬುವನನ್ನು ಮದುವೆಯಾಗಿದ್ದಳು. ಅವನ ಮೊದಲ ಹೆಂಡತಿ ಯೆಹೂದಿ. ಆ ಮದುವೆಯಿಂದ ನಾಲ್ವರು ಮಕ್ಕಳು. 1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತು. ತಾಯಿ ಯೆಹೂದಿಯಾದ್ದರಿಂದ ಆ ಮಕ್ಕಳಿಗೆ ವಿಯೆನ್ನಾದಲ್ಲಿ ಉಳಿಗಾಲವಿರಲಿಲ್ಲ. ಮೇ 4ರಂದು ಲೇಮನ್ ಲಂಡನ್ನಿನಲ್ಲಿ ಮಾರ್ಶಲಿನ್ ಪಾತ್ರ ಹಾಡುತ್ತಿದ್ದಳು. ಹದಿನಾಲ್ಕು ವರ್ಷದ ಹಿಂದೆ ಅದೇ ರಂಗದಲ್ಲಿ ಆ ಪಾತ್ರ ಆಕೆಯದಾಗಿತ್ತು. ಮೊದಲ ಅಂಕದ ನಡುವೆ, ಆಕೆಯ ಅತ್ಯಂತ ಪ್ರಸಿದ್ಧ ಭಾಗದ ಹೊತ್ತಿನಲ್ಲಿ, ಕಂಠ ನಿಂತುಹೋಯಿತು. ಮುಂದುವರಿಸಲಾರೆನೆಂದು ರಂಗದಿಂದ ಇಳಿದುಹೋದಳು. ಪ್ರೇಕ್ಷಕರ ನಡುವೆ ಕುಳಿತಿದ್ದ ಹಿಲ್ಡೆ ಕೊನೆಟ್ಸ್ನಿ ಎಂಬ ಗಾಯಕಿ ಎದ್ದು ಬಂದು ಉಳಿದ ಪಾತ್ರವನ್ನು ಹಾಡಿ ಮುಗಿಸಿದಳು. ಮಕ್ಕಳು ಕೊನೆಗೆ ಆಸ್ಟ್ರಿಯಾದಿಂದ ಪಾರಾಗಿ ಅಮೆರಿಕ ಸೇರಿದರು. ಒಟ್ಟೊ 1939ರ ಜನವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡ. ಐವತ್ತೊಂದನೆಯ ವಯಸ್ಸಿಗೆ ಮನೆ, ಊರು, ಗಂಡ ಮೂರನ್ನೂ ಕಳೆದುಕೊಂಡ ಹೆಂಗಸು ಹೊಸ ದೇಶದಲ್ಲಿ ಮತ್ತೆ ಆರಂಭಿಸಿದಳು.

ಅಮೆರಿಕದಲ್ಲಿ ಕಂಡ ಕಂಡವರೆಲ್ಲ ನೀವು ಏಕೆ ಬಂದಿರಿ ಎಂದು ಕೇಳಿರಬೇಕು. ಕರಾರಿನಲ್ಲಿ ಕುದುರೆಯೂ ಪಿಂಚಣಿಯೂ ಇರಲಿಲ್ಲವಾದ್ದರಿಂದ ಜರ್ಮನಿಗೂ ನನಗೂ ಮುರಿಯಿತು ಎಂದು ಯಾರು ತಾನೇ ಹೇಳುತ್ತಾರೆ? 1938ರ ನೋವು ನಿಜವಾದದ್ದು. ಅದರ ನೆರಳು ಹಿಂದಕ್ಕೆ ಚಾಚಿ 1934ರ ಮೇಲೆ ಬಿದ್ದಿರಬೇಕು. ಹೇಳುತ್ತ ಹೇಳುತ್ತ ಆಕೆ ತಾನೇ ಅದನ್ನು ನಂಬಿದಳು ಎಂಬುದು ನನ್ನ ಊಹೆ. ಕಾಟರ್ ಅವರು ಅಷ್ಟು ಉದಾರಿಗಳಲ್ಲ. ಕಡತ ಓದುವವರು ಉದಾರಿಗಳಾಗಲೂ ಬಾರದು.

ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಲನಚಿತ್ರವನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಆ ಟ್ರಾಪ್ ಕುಟುಂಬ ನಿಜವಾಗಿ ಇದ್ದದ್ದೇ. 1936ರಲ್ಲಿ ಜಾಲ್ಸ್‌ಬುರ್ಗ್ ನಗರದಲ್ಲಿ ಆ ಮಕ್ಕಳ ಹಾಡು ಕೇಳಿ, ಇದನ್ನು ಮನೆಯೊಳಗೆ ಮುಚ್ಚಿಡಬಾರದು, ಉತ್ಸವದ ಸ್ಪರ್ಧೆಯಲ್ಲಿ ಹಾಡಿಸಿ ಎಂದು ಒತ್ತಾಯಿಸಿದವಳು ಈ ಲೇಮನ್. ಆ ವರ್ಷಗಳಲ್ಲಿ ಆಕೆ ಅಲ್ಲಿ ಟೋಸ್ಕಾನಿನಿಯ ನಿರ್ದೇಶನದಲ್ಲಿ ಬೀಥೊವನನ ‘ಫಿಡೆಲಿಯೊ’ ಹಾಡುತ್ತಿದ್ದಳು. ಚಲನಚಿತ್ರದಲ್ಲಿ ಆಕೆಯ ಕೆಲಸವನ್ನು ಮ್ಯಾಕ್ಸ್ ಎಂಬ ಕಲ್ಪಿತ ಮಾಮನಿಗೆ ಕೊಟ್ಟಿದ್ದಾರೆ. ತಾನು ಮಾಡದ ಸಾಹಸಕ್ಕೆ ಹೆಸರು ಪಡೆದವಳಿಗೆ ನಿಜವಾಗಿ ಮಾಡಿದ ಉಪಕಾರಕ್ಕೆ ಹೆಸರು ಸಿಗಲಿಲ್ಲ.

ಇನ್ನೊಂದು, ನಮ್ಮ ಮೈಸೂರಿಗೆ ಸಂಬಂಧಿಸಿದ್ದು. ಸ್ಟ್ರಾಸ್ 1949ರಲ್ಲಿ ತೀರಿಕೊಂಡಾಗ ಹೆಣ್ಣು ಕಂಠಕ್ಕಾಗಿ ಬರೆದ ನಾಲ್ಕು ಹಾಡುಗಳು ಹಾಡದೆ ಉಳಿದಿದ್ದವು. 1950ರ ಮೇ 22ರಂದು ಲಂಡನ್ನಿನಲ್ಲಿ ಅವುಗಳ ಮೊದಲ ಗಾಯನ ನಡೆದಾಗ ವೆಚ್ಚಕ್ಕೆ ಬೆನ್ನಾಸರೆಯಾಗಿ ನಿಂತವರು ಮಹಾರಾಜ ಜಯಚಾಮರಾಜ ಒಡೆಯರು. ಹಾಡಿದವಳು ಲೇಮನ್ ಅಲ್ಲ, ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಡ್. ಲೇಮನ್ ಆ ಹೊತ್ತಿಗೆ ಒಪೆರಾ ಬಿಟ್ಟು, ಪಿಯಾನೊ ಜೊತೆಗೆ ಬಿಡಿ ಹಾಡುಗಳನ್ನು ಮಾತ್ರ ಹಾಡುತ್ತಿದ್ದಳು.

ಅದನ್ನೂ ನಿಲ್ಲಿಸಿದ ದಿನ 1951ರ ಫೆಬ್ರುವರಿ 16. ನ್ಯೂಯಾರ್ಕಿನ ಟೌನ್ ಹಾಲ್. ವಿರಾಮದ ಹೊತ್ತಿನಲ್ಲಿ ಆಕೆ ಸಭೆಯ ಮುಂದೆ ಬಂದು ಇದು ನನ್ನ ವಿದಾಯದ ಕಚೇರಿ ಎಂದಳು. ಯಾರಿಗೂ ಮೊದಲೇ ತಿಳಿಸಿರಲಿಲ್ಲ. ಬೇಡ, ಬೇಡ ಎಂದು ಸಭೆಯಿಂದ ಕೂಗು ಎದ್ದಿತು. ನೀವು ಹೀಗೆ ಪ್ರತಿಭಟಿಸಲಿ ಎಂದು ಆಸೆಪಟ್ಟಿದ್ದೆ ಎಂದು ಆಕೆ ನಗುತ್ತ ಉತ್ತರಿಸಿದಳು. ಈ ಮಾತುಕತೆ ಧ್ವನಿಮುದ್ರಣದಲ್ಲಿ ಉಳಿದಿದೆ, ನಾನೇ ಕೇಳಿದ್ದೇನೆ. ಕೊನೆಯದಾಗಿ ಶೂಬರ್ಟ್ ಸಂಗೀತಕ್ಕೆ ಕೃತಜ್ಞತೆ ಹೇಳಿ ಬರೆದ ಪುಟ್ಟ ಹಾಡನ್ನು ಎತ್ತಿಕೊಂಡಳು. ಕೊನೆಯ ಸಾಲಿಗೆ ಬಂದಾಗ ದನಿ ಹೊರಡಲಿಲ್ಲ. ಪಿಯಾನೊ ನುಡಿಸುತ್ತಿದ್ದ ಪೌಲ್ ಉಲನೋವ್ಸ್ಕಿ ಉಳಿದ ಭಾಗವನ್ನು ಒಬ್ಬನೇ ನುಡಿಸಿ ಮುಗಿಸಿದ. ಈ ಪ್ರಸಂಗಕ್ಕೆ ಯಾರ ಸಾಕ್ಷ್ಯವೂ ಬೇಡ, ಧ್ವನಿಮುದ್ರಣವೇ ಇದೆ.

ನಾನು ಮೇಷ್ಟ್ರಾದುದರಿಂದಲೋ ಏನೋ, ಆಕೆಯ ಕೊನೆಯ ಇಪ್ಪತ್ತೈದು ವರ್ಷಗಳು ನನಗೆ ಹೆಚ್ಚು ಇಷ್ಟವಾದವು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, ಮನಶ್ಶಾಸ್ತ್ರಜ್ಞೆಯಾದ ಗೆಳತಿ ಫ್ರಾನ್ಸಿಸ್ ಹೋಲ್ಡನ್ ಜೊತೆ ಆಕೆ ನೆಲೆಸಿದ್ದಳು. ಚಿತ್ರ ಬರೆದಳು, ಪುಸ್ತಕ ಬರೆದಳು. 1947ರಲ್ಲಿ ಅಲ್ಲಿ ಸಂಗೀತ ಅಕಾಡೆಮಿಯೊಂದು ಹುಟ್ಟಿದಾಗ ಸ್ಥಾಪಕರಲ್ಲಿ ಒಬ್ಬಳಾಗಿದ್ದು, ಮುಂದೆ ಅಲ್ಲಿಯೇ ಪಾಠ ಹೇಳಿದಳು. ಆಕೆಯ ಪಾಠ ಗಂಟಲಿನದಲ್ಲ. ಈ ಸಾಲನ್ನು ಹಾಡುವಾಗ ನೀನು ಏನನ್ನು ನೋಡುತ್ತಿದ್ದೀಯೆ, ಎದುರಿಗೆ ಯಾರಿದ್ದಾರೆ ಎಂಬಂಥ ಪ್ರಶ್ನೆಗಳ ಪಾಠ. ಪದ್ಧತಿಯೊಂದರ ಹೆಸರಿನಲ್ಲಿ ಶಾಲೆಯಿಂದ ಹೊರಬಿದ್ದವಳು ಪದ್ಧತಿಯನ್ನು ಕಟ್ಟಲಿಲ್ಲ.

1955ರಲ್ಲಿ ಆಕೆಯ ಬಳಿ ಕಲಿಯಲು ತೊಡಗಿದವಳು ಸೇಂಟ್ ಲೂಯಿಸ್ ನಗರದ ಕರಿಯ ಹುಡುಗಿ ಗ್ರೇಸ್ ಬಂಬ್ರಿ. ಸ್ಪರ್ಧೆಯೊಂದರಲ್ಲಿ ಗೆದ್ದು ವಿದ್ಯಾರ್ಥಿವೇತನ ಪಡೆದಿದ್ದರೂ ಅವಳ ಊರಿನ ಸಂಗೀತಶಾಲೆ ಬಣ್ಣದ ಕಾರಣಕ್ಕೆ ಸೇರಿಸಿಕೊಂಡಿರಲಿಲ್ಲ. ಲೇಮನ್ ಸೇರಿಸಿಕೊಂಡಳು, ವರ್ಷಗಟ್ಟಲೆ ಕಲಿಸಿದಳು. 1961ರಲ್ಲಿ ಬಂಬ್ರಿ ಬೈರೊಯ್ತ್ ಉತ್ಸವದಲ್ಲಿ ವಾಗ್ನರನ ‘ಟಾನ್‌ಹಾಯ್ಸರ್’ ನಾಟಕದ ವೀನಸ್ ದೇವತೆಯಾಗಿ ನಿಂತಳು. ಹಿಟ್ಲರ್ ತೀರ್ಥಯಾತ್ರೆಯಂತೆ ಹೋಗುತ್ತಿದ್ದ ರಂಗಮಂದಿರ ಅದು. ಕರಿಯಳನ್ನು ಆರಿಸಿದ್ದಕ್ಕೆ ಪ್ರತಿಭಟನೆಯ ಪತ್ರಗಳು ಬಂದಿದ್ದವು. ಆಟ ಮುಗಿದ ಮೇಲೆ ಚಪ್ಪಾಳೆ ಅರ್ಧ ಗಂಟೆ ನಿಲ್ಲಲಿಲ್ಲವಂತೆ. ತರಗತಿಯಲ್ಲಿ ನಾನು ಹೇಳಬೇಕಾಗಿದ್ದದ್ದು ಈ ಕಥೆಯನ್ನು. ಆಗ ನನಗೆ ಗೊತ್ತಿರಲಿಲ್ಲ.

ಲೇಮನ್ 1976ರ ಆಗಸ್ಟ್ 26ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಸಾಂಟಾ ಬಾರ್ಬರಾದಲ್ಲಿ ತೀರಿಕೊಂಡಳು. ಆಕೆಯನ್ನು ಮಣ್ಣು ಮಾಡಿದ್ದು ಮಾತ್ರ ವಿಯೆನ್ನಾದಲ್ಲಿ, ಬೀಥೊವನ್ ಮತ್ತು ಶೂಬರ್ಟ್ ಮಲಗಿರುವ ಅದೇ ಮಹಾ ಸ್ಮಶಾನದಲ್ಲಿ.

ಆದುದರಿಂದ, ನನ್ನ ತರಗತಿಯ ಕಥೆಯನ್ನು ತಮ್ಮ ಮಕ್ಕಳಿಗೂ ಹೇಳುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು: 1934ರ ಏಪ್ರಿಲ್‌ನಲ್ಲಿ ಆಕೆ ಗೋರಿಂಗನ ಬಳಿಗೆ ಹೋದದ್ದು ಕರಾರಿಗಾಗಿ, ಅದು ಮುರಿದದ್ದು ಷರತ್ತುಗಳ ಕಾರಣಕ್ಕಾಗಿ.

ಪುಸ್ತಕ ಮುಗಿಸಿದೆನೆಂದು ಮ್ಯೂನಿಕ್ಕಿನ ಹುಡುಗನಿಗೆ ಬರೆದೆ. ಹುಡುಗ ಎನ್ನುತ್ತೇನೆ, ಅ‌ವನಿಗೂ ಈಗ ಐವತ್ತು ದಾಟಿದೆ. ಮಾರನೆಯ ದಿನವೇ ಉತ್ತರ ಬಂತು. “ಸರ್, ನಾನೂ ಓದಿದೆ. ಅವರ ಲೇಖನದಲ್ಲೂ ಇಲ್ಲ, ಕಾಟರ್ ಪುಸ್ತಕದಲ್ಲೂ ಇಲ್ಲ. ಹಾಗಾದರೆ ಆ ಬಾಗಿಲು ದಢಾರನೆ ಹಾಕಿದ್ದು ಎಲ್ಲಿಂದ ಬಂತು?” ಎಂದು ಕೇಳಿದ್ದ.

ಅದು ನನ್ನದೇ ಲೊಟ್ಟೆ ಎಂದು ಬರೆದೆ.